ಹಿಂಗಾಲು ಸೋತ ನಾಯಿಗೆ ಏನು ತಂದರೆ ಉಪಯೋಗ?

ನಮ್ಮ ನಾಯಿಯ ಹೆಸರು ಕರಿಯ, ಜಾತಿ ಲ್ಯಾಬ್ರಡಾರ್. ಈ ಜಾತಿಯವು ಸಾಮಾನ್ಯವಾಗಿ 10ರಿಂದ 12 ವರ್ಷ ಬದುಕುತ್ತವೆ, ಇವನಿಗೆ 13 ದಾಟಿದೆ. ಸೊಂಟದ ಕೀಲು ಸವೆದಿದೆ, ಹಿಂಗಾಲಿನಲ್ಲಿ ಬಲವಿಲ್ಲ, ರಕ್ತ ಪರೀಕ್ಷೆ ಮಾಡಿಸಿದರೆ, ಕಿಡ್ನಿ ಸೋತಾಗ ಏರುವ ಕ್ರಿಯಾಟಿನಿನ್ ಮೇಲಿರುತ್ತದೆ. ಹಸಿವಿಗೆ ಮಾತ್ರ ವಯಸ್ಸಾಗಿಲ್ಲ. ಇವನಿಗೆಂದು ತಂದ ಸಾಮಾನಿನಲ್ಲಿ ಅರ್ಧ ಈಗ ಅಟ್ಟದ ಮೇಲಿದೆ. ಉಳಿದರ್ಧದಲ್ಲಿ ಯಾವುದು ಏಕೆ ಉಳಿಯಿತು ಅಂತ ಬರೆಯುತ್ತಿದ್ದೇನೆ. ಔಷಧಿಗಿಂತ ಮೊದಲು ನೆಲ ನೋಡಿ ಅನ್ನುವುದು ನನ್ನ ವಾದ.

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಹಳೇ ಭಾಗಕ್ಕೆ ರೆಡ್ ಆಕ್ಸೈಡ್, ಆಮೇಲೆ ಕಟ್ಟಿಸಿದ ಹಾಲ್‌ಗೆ ವಿಟ್ರಿಫೈಡ್ ಟೈಲ್ಸ್. ಎರಡೂ ನುಣುಪು. ಟೈಲ್ಸ್ ಮೇಲಂತೂ ಏಳಲು ಹೋದರೆ ಹಿಂಗಾಲು ಎರಡೂ ಪಕ್ಕಕ್ಕೆ ಜಾರಿ ಹೊಟ್ಟೆ ನೆಲಕ್ಕೆ ಬೀಳುತ್ತಿತ್ತು. ಸ್ವಲ್ಪ ದಿನ ಹೀಗಾದರೆ ನಾಯಿ ಏಳುವ ಪ್ರಯತ್ನವನ್ನೇ ಬಿಡುತ್ತದೆ. ನಾವು ಅದನ್ನು ಕಾಲುನೋವು ಅಂದುಕೊಳ್ಳುತ್ತೇವೆ. ಅರ್ಧ ಭಯ ಅದು.

ಮೊದಲು ಜಮಖಾನ ಹಾಸಿದೆವು. ನಾಯಿಯ ಜೊತೆ ಜಮಖಾನವೂ ಜಾರಿತು. ಸಂತೆಪೇಟೆಯಿಂದ ತಂದ ತೆಂಗಿನ ನಾರಿನ ಮ್ಯಾಟ್‌ನಲ್ಲಿ ಹಿಡಿತ ಚೆನ್ನಾಗಿತ್ತು, ಆದರೆ ಮೊಣಕೈಯಲ್ಲಿ ಮೊದಲೇ ಗಟ್ಟಿಯಾಗಿದ್ದ ಚರ್ಮ ಇನ್ನಷ್ಟು ಉಜ್ಜಿ ಕೆಂಪಾಯಿತು. ಉಚ್ಚೆ ಹೊಯ್ದರೆ ಮಳೆಗಾಲದಲ್ಲಿ ಒಣಗುವ ಮಾತೇ ಇಲ್ಲ. ಮಕ್ಕಳು ಆಡಲು ಜೋಡಿಸುವ ಫೋಮ್ ಚೌಕಗಳು ನೋಡಲು ಚೆಂದ, ಜೋಡಿಸಿದ ಕಡೆಯಲ್ಲೆಲ್ಲ ಉಚ್ಚೆ ಕೆಳಗಿಳಿಯುತ್ತದೆ. ಕೊನೆಗೆ ಗೆದ್ದದ್ದು ಯೋಗ ಮ್ಯಾಟ್. ಗೋಕುಲದಲ್ಲಿರುವ ನನ್ನ ಅತ್ತಿಗೆಯ ಮನೆ ಮಹಡಿಯಲ್ಲಿ ಯೋಗ ಕಲಿಯಲು ಬಂದವರು ಬಾಡಿಗೆಗಿರುತ್ತಾರೆ, ಊರಿಗೆ ಹೊರಡುವಾಗ ಮ್ಯಾಟ್ ಬಿಟ್ಟು ಹೋಗುತ್ತಾರೆ. ಅವನ್ನು ತಂದು ಉದ್ದಕ್ಕೆ ಎರಡು ಸೀಳು ಮಾಡಿ, ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಿಲ ಬಾಗಿಲಿಗೆ ಒಂದು ದಾರಿ ಹಾಸಿದೆವು. ಟೈಲ್ಸ್‌ಗೆ ಕಚ್ಚಿಕೊಂಡು ಕೂರುತ್ತದೆ, ಸೋಪು ನೀರಿನಲ್ಲಿ ಒರೆಸಿದರೆ ಸಾಕು. ಅಂಚು ಸುರುಳಿಯಾಗುತ್ತದೆ, ಉಗುರಿಗೆ ಸಿಕ್ಕಿ ಕಿತ್ತೂ ಬರುತ್ತದೆ. ಪರವಾಗಿಲ್ಲ, ಬದಲಾಯಿಸಿದರಾಯಿತು. ಈಗ ಕರಿಯ ಆ ದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಡುವುದಿಲ್ಲ, ಸಿಟಿ ಬಸ್ಸಿನ ಹಾಗೆ ಅದೇ ರೂಟು.

ಕೆಳಗೆ ರಬ್ಬರ್ ಚುಕ್ಕೆ ಇರುವ ನಾಯಿ ಸಾಕ್ಸ್ ಕೂಡ ತರಿಸಿದೆವು. ಹಾಕಿದ ಸ್ವಲ್ಪ ಹೊತ್ತಿಗೆ ತಿರುಗಿ ಚುಕ್ಕೆಗಳೆಲ್ಲ ಮೇಲೆ ಬರುತ್ತವೆ. ನಾಯಿಗೆ ಬೆವರುವುದು ಪಾದದ ಮೆತ್ತೆಯಲ್ಲೇ ಅಲ್ವಾ, ಒಳಗೆಲ್ಲ ಒದ್ದೆ. ಅದಕ್ಕಿಂತ ಉಗುರು ಕತ್ತರಿಸಿದ್ದೇ ಜಾಸ್ತಿ ಕೆಲಸ ಮಾಡಿತು. ಉಗುರು ಬೆಳೆದರೆ ಮೆತ್ತೆ ನೆಲಕ್ಕೆ ಸರಿಯಾಗಿ ಕೂರುವುದಿಲ್ಲ. ಕಪ್ಪು ಉಗುರಿನಲ್ಲಿ ಒಳಗಿನ ರಕ್ತನಾಳ ಕಾಣುವುದಿಲ್ಲ, ಆದ್ದರಿಂದ ತುದಿಯಲ್ಲಿ ಚೂರೇ ಚೂರು ತೆಗೆಯಬೇಕು. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ.

ಎತ್ತಿ ನಡೆಸಲು ಟವೆಲ್ಲೋ ಬೆಲ್ಟೋ? ಟವೆಲ್ ಮನೆಯಲ್ಲೇ ಇರುತ್ತದೆ. ಹೊಟ್ಟೆಯ ಕೆಳಗೆ ಹಾಯಿಸಿ ಎರಡು ತುದಿ ಹಿಡಿದು ಎತ್ತುವುದು. ಹೆಣ್ಣು ನಾಯಿಗೆ ಇದೇ ಸಾಕಾಗಬಹುದು. ಗಂಡಿಗೆ ಟವೆಲ್ ಸರಿಯಾಗಿ ಉಚ್ಚೆ ಹೊಯ್ಯುವ ಜಾಗಕ್ಕೇ ಒತ್ತುತ್ತದೆ, ಹೊರಗೆ ಕರೆದುಕೊಂಡು ಹೋದ ಕೆಲಸವೇ ಆಗುವುದಿಲ್ಲ. ತೊಡೆಗೆ ಹಾಕುವ, ಬೆನ್ನ ಮೇಲೆ ಹಿಡಿ ಇರುವ ಬೆಲ್ಟ್‌ನಲ್ಲಿ ಆ ತೊಂದರೆ ಇಲ್ಲ. ಭಾರವೂ ನೇರ ಕೈಗೆ ಬರುತ್ತದೆ, ನಾವು ಬಗ್ಗಬೇಕಿಲ್ಲ. ಅಮ್ಮನೂ ಹಿಡಿದು ಅಂಗಳದಲ್ಲಿ ಒಂದು ಸುತ್ತು ಹಾಕಿಸುತ್ತಾರೆ. "ನನ್ನ ಮಂಡಿಗೂ ಇಂಥದ್ದೊಂದು ತರಿಸೋ" ಅಂತ ಬೇರೆ ಹೇಳಿದ್ದಾರೆ. ಆದರೆ ಇಡೀ ದಿನ ಹಾಕಿಡಬಾರದು, ತೊಡೆಯ ಸಂದಿಯಲ್ಲಿ ಉಜ್ಜಿ ಗಾಯವಾಗುತ್ತದೆ. ಅಳತೆ ತೆಗೆಯದೆ ಸುಮ್ನೆ ತೂಕ ನೋಡಿ ತರಿಸಬೇಡಿ. ರಾತ್ರಿ ಅರ್ಜೆಂಟಾದರೆ ನಮ್ಮ ಮನೆಯಲ್ಲೂ ಟವೆಲ್ಲೇ.

ನೋವಿಗೆ ಮೊದಲು ಕೊಟ್ಟದ್ದು ಗ್ಲುಕೋಸಮಿನ್ ಮಾತ್ರೆ. ತಿಂಗಳುಗಟ್ಟಲೆ ಕೊಟ್ಟರೂ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರು ಬರೆದುಕೊಟ್ಟ ಮೆಲೋಕ್ಸಿಕ್ಯಾಮ್ ಬೇಗ ಗೊತ್ತಾಯಿತು, ತಾನೇ ಎದ್ದು ಗೇಟಿಗೆ ಹೋಗಿ ಬೊಗಳಿದ. ಇದನ್ನು ಊಟದ ಜೊತೆಗೇ, ತೂಕಕ್ಕೆ ತಕ್ಕ ಪ್ರಮಾಣದಲ್ಲೇ ಕೊಡಬೇಕು. ಸ್ಟೀರಾಯ್ಡ್ ಜೊತೆ ಕೊಡಬಾರದು. ವಾಂತಿ ಅಥವಾ ಕಪ್ಪು ಕಕ್ಕ ಕಂಡರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು. ಕಿಡ್ನಿಗೆ ಹೊರೆಯಾಗುವ ಔಷಧಿಯಾದ್ದರಿಂದ ಆಗಾಗ ರಕ್ತ ಪರೀಕ್ಷೆ. ಕ್ರಿಯಾಟಿನಿನ್ ಏರಿದ ಮೇಲೆ ಡಾಕ್ಟರು ಅದನ್ನು ನಿಲ್ಲಿಸಿ ಗ್ಯಾಬಪೆಂಟಿನ್ ಕೊಟ್ಟರು. ಶುರುವಿನಲ್ಲಿ ತೂಕಡಿಕೆ, ಕುಡಿದವರ ನಡಿಗೆ. ಆಮೇಲೆ ಸರಿಹೋಯಿತು. ಪರಿಣಾಮ ಮೆಲೋಕ್ಸಿಕ್ಯಾಮ್‌ನಷ್ಟಿಲ್ಲ, ಆದರೆ ರಾತ್ರಿ ನಿದ್ದೆ ಮಾಡುತ್ತಾನೆ. ಇದರ ಸಿರಪ್ ತರುವ ಮುಂಚೆ ಡಾಕ್ಟರನ್ನು ಕೇಳಿ. ಮನುಷ್ಯರ ಕೆಲವು ಸಿರಪ್‌ಗಳಲ್ಲಿ ಸಿಹಿಗೆ ಕ್ಸೈಲಿಟಾಲ್ ಇರುತ್ತದೆ, ಅದು ನಾಯಿಗೆ ವಿಷ. ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್, ಪ್ಯಾರಸಿಟಮಾಲ್ ಯಾವುದನ್ನೂ ನೀವಾಗಿ ಕೊಡಬೇಡಿ.

ಊಟದಲ್ಲಿ ಕಿಡ್ನಿ ಸೋತ ನಾಯಿಗಳ ಪ್ಯಾಕೆಟ್ ಆಹಾರ ಒಂದು ಕಡೆ, ಮನೆ ಅಡುಗೆ ಇನ್ನೊಂದು ಕಡೆ. ಪ್ಯಾಕೆಟ್‌ನಲ್ಲಿ ಸೋತ ಕಿಡ್ನಿಗೆ ಹೊರೆಯಾಗುವ ರಂಜಕ (ಫಾಸ್ಫರಸ್) ಕಡಿಮೆ, ಲೆಕ್ಕವೆಲ್ಲ ಅವರೇ ಹಾಕಿರುತ್ತಾರೆ. ಬೆಲೆ ಮಾತ್ರ ಜೋರು. ಬಿಸಿನೀರು ಹಾಕಿ ನೆನೆಸಿದರೆ ತಿನ್ನುತ್ತಾನೆ. ಮನೆಯದ್ದಾದರೆ ಬಿಳಿ ಅನ್ನ, ಮೊಟ್ಟೆಯ ಬಿಳಿ ಭಾಗ, ಸ್ವಲ್ಪ ಕೋಳಿ, ಬೇಯಿಸಿದ ಸೋರೆಕಾಯಿ. ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಇಲ್ಲ. ಮೂಳೆ, ಲಿವರ್ ಬಂದ್. ರಾಗಿಯಲ್ಲೂ ಬಿಳಿ ಅಕ್ಕಿಗಿಂತ ರಂಜಕ ಜಾಸ್ತಿ, ಹಾಗಾಗಿ ಮುದ್ದೆಯೂ ನಿಂತಿತು. ಮಂಡ್ಯದ ನಮ್ಮ ಮಾವನಿಗೆ ಇದನ್ನು ಇನ್ನೂ ಅರಗಿಸಿಕೊಳ್ಳಲು ಆಗಿಲ್ಲ. ಈಗ ಬೆಳಿಗ್ಗೆ ಪ್ಯಾಕೆಟ್, ರಾತ್ರಿ ಮನೆ ಊಟ.

ಡೈಪರ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಚರ್ಮ ಕೆಂಪಾಗುತ್ತದೆ, ಹಾಸಿಗೆಯ ಮೇಲೆ ರಬ್ಬರ್ ಶೀಟ್, ಅದರ ಮೇಲೆ ಹಳೇ ಪಂಚೆ ಉತ್ತಮ.

ಡಾಕ್ಟರನ್ನು ಮನೆಗೆ ಕರೆಸಿದರೆ ನಾಯಿಗೆ ಆರಾಮ, ಫೀಸು ಹೆಚ್ಚು. ಎಕ್ಸ್‌ರೇ, ಸ್ಕ್ಯಾನ್ ಬೇಕಾದರೆ ಆಸ್ಪತ್ರೆಗೇ ಹೋಗಬೇಕು. 30 ಕೆಜಿ ದಾಟಿದ ನಾಯಿಯನ್ನು ನೋಡಿದರೆ ಆಟೋದವರು ನಿಲ್ಲಿಸುವುದಿಲ್ಲ. ಮೂತ್ರ ಪರೀಕ್ಷೆಗಾದರೆ ಅವನನ್ನು ಕರೆದೊಯ್ಯುವ ಗೋಜೇ ಬೇಡ. ಉದ್ದ ಹಿಡಿಯ ಸೌಟೊಂದನ್ನು ಚೆನ್ನಾಗಿ ತೊಳೆದು ಒಣಗಿಸಿ, ಬೆಳಿಗ್ಗೆ ಮೊದಲ ಸಲ ಹೊಯ್ಯುವಾಗ ಹಿಂದಿನಿಂದ ಮೆಲ್ಲಗೆ ಕೆಳಗೆ ಹಿಡಿಯಿರಿ. ಲ್ಯಾಬಿನಿಂದ ತಂದ ಡಬ್ಬಿಗೆ ಸುರಿದು ಬೇಗ ತಲುಪಿಸಿ. ಸೌಟಿಗೆ ಗುರುತು ಮಾಡಿ ಹಿತ್ತಿಲಲ್ಲೇ ನೇತುಹಾಕಿ, ಇಲ್ಲದಿದ್ದರೆ ಅಡುಗೆಮನೆಯವರ ಹತ್ತಿರ ಬೈಗುಳ ಖಾತ್ರಿ.