17 ಕೀ ಕಲಿಂಬಾ: ಕಲಬುರಗಿಗೆ ತರಿಸುವ ಮುನ್ನ

ಕಲಿಂಬಾ ಅಂದರೆ ಹೆಬ್ಬೆರಳಿಂದ ಮೀಟುವ ಲೋಹದ ಕೀಗಳ ಪುಟ್ಟ ವಾದ್ಯ. ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ಕೊರಿಯರ್‌ನಲ್ಲಿ ಬರುವ ಈ ಕಲಿಂಬಾದ ಡಬ್ಬಿಯಲ್ಲಿ ಪುಟ್ಟ ಸುತ್ತಿಗೆ, ಸ್ವರದ ಸ್ಟಿಕ್ಕರ್, ಚೀಲ ಎಲ್ಲ ಇರುತ್ತವೆ. ಶ್ರುತಿಯೊಂದು ಇರುವುದಿಲ್ಲ. ದಾರಿಯ ಕುಲುಕಾಟಕ್ಕೆ ಕೀಗಳು ಸರಿದಿರುತ್ತವೆ.

ಫೋನಿನಲ್ಲಿ ಟ್ಯೂನರ್ ಆ್ಯಪ್ ಹಾಕಿಕೊಂಡು ನಡುವಿನ ಉದ್ದನೆಯ ಕೀಯನ್ನು ಮೊದಲು ಸಿ ಸ್ವರಕ್ಕೆ ಕೂಡಿಸಿ. ಬಾರಿಸುವ ತುದಿಗೆ ಮೆಲ್ಲಗೆ ಬಡಿದರೆ ಸ್ವರ ಏರುತ್ತದೆ, ಎದುರು ತುದಿಗೆ ಬಡಿದರೆ ಇಳಿಯುತ್ತದೆ. ಝರ್ ಎಂದು ಸದ್ದು ಬಂದರೆ ಕೀ ಕುದುರೆಯ (ಕೀಗಳನ್ನು ಎತ್ತಿ ಹಿಡಿವ ಅಡ್ಡಪಟ್ಟಿ) ಮೇಲೆ ಸರಿಯಾಗಿ ಕೂತಿಲ್ಲ; ಎಡಬಲಕ್ಕೆ ಕೂದಲೆಳೆಯಷ್ಟು ಸರಿಸಿ. ಹೋಗದಿದ್ದರೆ ಅಡಿಗೆ ಕಾಗದದ ಚೂರು ತುರುಕಿ.

ಪೊಳ್ಳು ಪೆಟ್ಟಿಗೆಯದೋ, ಒಂದೇ ಹಲಗೆಯದೋ? ಪೆಟ್ಟಿಗೆಯ ದನಿ ದೊಡ್ಡದು, ಆದರೆ 40 ಡಿಗ್ರಿ ದಾಟುವ ನಮ್ಮ ಬ್ಯಾಸಗಿಗೆ ಅಂಟು ಬಿಡುವುದುಂಟು. ಇಲ್ಲಿಗೆ ಹಲಗೆಯದೇ ವಾಸಿ. ಕೂಲರ್ ಎದುರಿಗಂತೂ ಇಡಬೇಡಿ, ಕೀಗೆ ತುಕ್ಕು ಹತ್ತುತ್ತದೆ.

ಇದರ ಶ್ರುತಿ ಸಿ ಮೇಜರ್, ಅಂದರೆ ಹಿಂದೂಸ್ತಾನಿಯ ಬಿಲಾವಲ್ ಥಾಟ್ (ರಾಗಗಳಿಗೆ ಮೂಲವಾದ ಸ್ವರಸಾಲು). ಕಾಫಿ ಥಾಟ್ ಬೇಕೆಂದು ಐದು ಕೀ ಇಳಿಸುವ ಗೋಜು ಬೇಡ. ಪಕ್ಕದ ಡಿ ಸ್ವರವನ್ನೇ ಷಡ್ಜ ಮಾಡಿಕೊಂಡರೆ ಕಾಫಿ ಥಾಟ್ ತಾನೇ ಸಿಗುತ್ತದೆ. ಇ ಇಂದ ಭೈರವಿ, ಜಿ ಇಂದ ಖಮಾಜ್. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಮಾತ್ರ ಏನು ಮಾಡಿದರೂ ಬರದು.

ಹಾಗಾಗಿ ಇದನ್ನು ಹಾಡಿಸಲು ಹೋಗದೆ ತಾಳವಾದ್ಯದಂತೆ ಬಾರಿಸಬೇಕು. ಅಮೆರಿಕದ ಸಂಗೀತಗಾರ ಮೌರಿಸ್ ವೈಟ್ ಮಾಡಿದ್ದು ಅದನ್ನೇ. 1941ರಲ್ಲಿ ಮೆಂಫಿಸ್‌ನಲ್ಲಿ ಹುಟ್ಟಿದ ಅವರು ಮೂಲತಃ ಡ್ರಮ್ ವಾದಕರು. ಷಿಕಾಗೊದ ಚೆಸ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಕಂಪನಿಯಲ್ಲಿ ದುಡಿದರು, 1966ರಿಂದ ಜಾಝ್ ಪಿಯಾನೊ ವಾದಕ ರಾಮ್ಸೆ ಲೂಯಿಸ್ ಜೊತೆ ನುಡಿಸಿದರು. 1969ರಲ್ಲಿ ಕಟ್ಟಿದ ಸ್ವಂತ ತಂಡಕ್ಕೆ ಆಮೇಲೆ ತಮ್ಮ ಜಾತಕದ ಭೂಮಿ, ಗಾಳಿ, ಬೆಂಕಿ ಹಿಡಿದು ‘ಅರ್ತ್, ವಿಂಡ್ ಆ್ಯಂಡ್ ಫೈರ್’ ಎಂದು ಹೆಸರಿಟ್ಟರು (ನೀರಿಲ್ಲ, ನಮ್ಮ ಕಡೆಯ ಜಾತಕವೇ ಸೈ). ಪಾರ್ಕಿನ್ಸನ್ ಕಾಯಿಲೆಯಿಂದ 1994ರಲ್ಲಿ ಪ್ರವಾಸ ಬಿಟ್ಟರು, 2016ರಲ್ಲಿ ತೀರಿಕೊಂಡರು. ಅವರ ತಂಡದ 1974ರ ಹಾಡು ‘ಕಲಿಂಬಾ ಸ್ಟೋರಿ’ ಕೇಳಿ, ಡ್ರಮ್ಮಿನ ಕೈ ಹೆಬ್ಬೆರಳಿಗೆ ಇಳಿದದ್ದು ತಿಳಿಯುತ್ತದೆ.

ಕಲಿಯುವವರು ಕೆಹರ್ವಾ ತಾಳದ ಎಂಟು ಮಾತ್ರೆಗೆ ನಾಲ್ಕೇ ಸ್ವರ ಹಿಡಿದು ಎಡ-ಬಲ ಹೆಬ್ಬೆರಳಲ್ಲಿ ಸುತ್ತು ಹಾಕಲಿ. ಉಗುರು ತುಸು ಬೆಳೆದಿರಬೇಕು, ಬರೀ ಬೆರಳಿಗೆ ದನಿ ಮಂಕು. ವೇದಿಕೆಗೆ ಒಯ್ಯುವವರು ಪಿಕಪ್ (ವಾದ್ಯದೊಳಗಿಂದಲೇ ದನಿಯನ್ನು ಸ್ಪೀಕರಿಗೆ ಕಳಿಸುವ ಸಾಧನ) ಇರುವ ಮಾದರಿಯನ್ನೇ ಕೊಳ್ಳಬೇಕು. ತಬಲಾ ಪಕ್ಕ ಬರೀ ಮೈಕ್ ಇಟ್ಟರೆ ತಬಲಾ ಒಂದೇ ಕೇಳಿಸುತ್ತದೆ.