ಎಬಿಎಸ್ ಕಿತ್ತಾಕಿದ ಮಿಯಾಟಾಗೆ ವಿಲ್‌ವುಡ್ ಪ್ರಪೋರ್ಷನಿಂಗ್ ವಾಲ್ವ್: ಹೆಂಗಿದೆ, ಯಾರು ತಗೋಬೇಕು, ಯಾರು ಮುಟ್ಲೇಬಾರ್ದು

ಮೊದ್ಲೇ ಹೇಳ್ಬಿಡ್ತೀನಿ, ಈ ಪ್ರಪೋರ್ಷನಿಂಗ್ ವಾಲ್ವ್, ಅಂದ್ರೆ ಹಿಂದಿನ ಬ್ರೇಕಿಗೆ ಹೋಗೋ ಪ್ರೆಶರ್ ಹೊಂದಿಸೋ ವಾಲ್ವ್, ಚೆನ್ನಾಗಿದೆ, ದುಡ್ಡಿಗೆ ಮೋಸ ಇಲ್ಲ. ವಿಲ್‌ವುಡ್ ಕಂಪನಿದು, ಕೈಯಲ್ಲಿ ತಿರುಗ್ಸೋ ನಾಬ್ ಇರೋ ಮಾಡೆಲ್ಲು, ನಾನು ತಗೊಂಡಾಗ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐವತ್ತು ಅರವತ್ತು ಡಾಲರ್ ಆಸುಪಾಸಲ್ಲಿತ್ತು. ಆದ್ರೆ ತುಂಬ ಜನ ಇದನ್ನ ಹಿಂದಿನ ಬ್ರೇಕ್ ಜಾಸ್ತಿ ಮಾಡೋ ಸಾಮಾನು ಅನ್ಕೊಂಡು ತಗೋತಾರೆ. ಜಾಸ್ತಿ ಮಾಡಲ್ಲ ಸ್ವಾಮಿ, ಕಮ್ಮಿ ಮಾತ್ರ ಮಾಡತ್ತೆ. ಅದೂ ಒಂದು ಪ್ರೆಶರ್ ದಾಟಿದ ಮೇಲೆ ಮಾತ್ರ.

ಕಾರು 1994ರ ಮಾಜ್ದಾ ಮಿಯಾಟಾ, ಟ್ರ್ಯಾಕಿಗೆ ಬಿಟ್ರೆ ಬೇರೆ ಎಲ್ಲೂ ಓಡಲ್ಲ, ಟ್ರೇಲರ್ ಮೇಲೆ ಹೋಗಿ ಟ್ರೇಲರ್ ಮೇಲೆ ಬರತ್ತೆ. ಆ ಕಾಲದ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋ ವ್ಯವಸ್ಥೆ) ಇದ್ಯಲ್ಲ, ಈಗಿನ ಕಾರುಗಳದ್ದನ್ನ ನೋಡಿ ಅದನ್ನ ಅಳೀಬೇಡಿ. ನಿಧಾನ, ಭಾರ, ಜೊತೆಗೆ ಗ್ರಿಪ್ ಜಾಸ್ತಿ ಇರೋ ಟೈರ್ ಹಾಕಿ ಟ್ರ್ಯಾಕ್ ಅಂಚಿನ ಕರ್ಬ್ ಮೇಲೆ ಹಾರಿಸ್ಕೊಂಡು ಜೋರಾಗಿ ಬ್ರೇಕ್ ಒತ್ತಿದ್ರೆ ಕಾರು ಮಂಜುಗಡ್ಡೆ ಮೇಲಿದೆ ಅಂತ ಕಂಪ್ಯೂಟರ್ ತಪ್ಪು ತಿಳ್ಕೊಂಡು ಪ್ರೆಶರ್ ಬಿಟ್ಬಿಡತ್ತೆ, ಪೆಡಲ್ ಕಲ್ಲಾಗತ್ತೆ, ಕಾರು ಮಾತ್ರ ನಿಲ್ಲಲ್ಲ. ಇದಕ್ಕೆ ಇಲ್ಲಿನ ಟ್ರ್ಯಾಕ್ ಜನ ಐಸ್ ಮೋಡ್ ಅಂತಾರೆ. ಅದಕ್ಕೇ ಕಿತ್ತಿದ್ದು. ತಮಾಷೆ ಏನಂದ್ರೆ ದುಡ್ಡಿರೋರು ಉಲ್ಟಾ ದಾರಿ ಹಿಡೀತಿದಾರೆ, ಬಿಎಂಡಬ್ಲ್ಯೂ ಇ46 ಕಾರಿನ ಎಂಕೆ60 ಅನ್ನೋ ಎಬಿಎಸ್ ಯೂನಿಟ್ ತಂದು ಹಳೇ ರೇಸ್ ಕಾರಿಗೆ ಹಾಕ್ತಾರೆ, ಯಾಕಂದ್ರೆ ಒಳ್ಳೇ ಎಬಿಎಸ್‌ಗಿಂತ ನಮ್ಮ ಕಾಲು ಚುರುಕಲ್ಲ. ಬಜೆಟ್ ಇದ್ರೆ ಅದೇ ಸರಿ, ನಿಜ ಹೇಳ್ತೀನಿ.

ಈಗ ವಾಲ್ವ್ ವಿಷಯ. ಇದು ನಲ್ಲಿ ಅಲ್ಲ, ತಿರುಗಿಸಿದಷ್ಟು ಹರಿವು ಕಮ್ಮಿ ಆಗೋಕೆ. ಒಳಗೆ ಸ್ಪ್ರಿಂಗು, ಪಿಸ್ಟನ್ನು. ನಾಬ್ ತಿರುಗ್ಸಿ ಸ್ಪ್ರಿಂಗ್ ಎಷ್ಟು ಬಿಗಿ ಮಾಡ್ತೀವೋ ಆ ಪ್ರೆಶರ್ ತನಕ ಹಿಂದಕ್ಕೂ ಮುಂದಕ್ಕೂ ಒಂದೇ ಪ್ರೆಶರ್ ಹೋಗತ್ತೆ, ಆ ಪಾಯಿಂಟಿಗೆ ನೀ ಪಾಯಿಂಟ್ ಅಂತಾರೆ, ಮೊಣಕಾಲು ಮಡಿಚಿದಂಗೆ ಗ್ರಾಫ್ ಅಲ್ಲಿ ಬಾಗತ್ತೆ. ಅದನ್ನ ದಾಟಿದ ಮೇಲೆ ಮುಂದೆ ಏರಿದಷ್ಟು ಹಿಂದೆ ಏರಲ್ಲ. ವಿಲ್‌ವುಡ್ ಹೇಳೋ ಪ್ರಕಾರ ಹೊಂದಿಸೋ ರೇಂಜ್ 100ರಿಂದ 1000 ಪಿಎಸ್ಐ (ಪ್ರೆಶರ್ ಅಳತೆ), ದಾಟಿದ ಮೇಲಿನ ಕಡಿತ 57% ತನಕ. ಉದಾಹರಣೆಗೆ 600ಕ್ಕೆ ಇಟ್ಟಿದೀರಿ, ಮುಂದಕ್ಕೆ 1000 ಹೋಗ್ತಿದೆ ಅಂದ್ರೆ ದಾಟಿದ 400ರಲ್ಲಿ 43% ಮಾತ್ರ ಸೇರಿ ಹಿಂದಕ್ಕೆ ಅಂದಾಜು 770. ಮೆಲ್ಲಗೆ ಬ್ರೇಕ್ ಹಾಕಿದ್ರೆ ವಾಲ್ವ್ ಇದೆ ಅಂತಾನೇ ಗೊತ್ತಾಗಲ್ಲ. ನಾಬ್ ಒಳಗೆ ತಿರುಗಿಸಿದ್ರೆ ಕಡಿತ ತಡವಾಗಿ ಶುರು, ಅಂದ್ರೆ ಹಿಂದಕ್ಕೆ ಜಾಸ್ತಿ, ಹೊರಗೆ ಬಂದ್ರೆ ಕಮ್ಮಿ.

ಹಿಂದೆ ಯಾಕೆ ಕಮ್ಮಿ ಬೇಕು ಅಂದ್ರೆ, ಜೋರಾಗಿ ಬ್ರೇಕ್ ಹಾಕಿದಾಗ ಭಾರ ಎಲ್ಲಾ ಮುಂದಕ್ಕೆ ಬರತ್ತೆ, ಹಿಂದಿನ ಟೈರ್ ಹಗುರಾಗತ್ತೆ, ಅಲ್ಲಿ ಪ್ರೆಶರ್ ಜಾಸ್ತಿ ಇದ್ರೆ ಹಿಂದೆ ಮೊದ್ಲು ಲಾಕ್ ಆಗಿ ಕಾರು ಬೊಗರಿ ಥರ ತಿರುಗತ್ತೆ. ಮುಂದೆ ಲಾಕ್ ಆದ್ರೆ ನೆಟ್ಟಗೆ ಜಾರ್ತೀರಿ, ಕಾಲು ಸ್ವಲ್ಪ ಎತ್ತಿದ್ರೆ ಸ್ಟಿಯರಿಂಗ್ ವಾಪಸ್ ಬರತ್ತೆ. ಹಾಗಾಗಿ ಯಾವತ್ತೂ ಮುಂದೇನೇ ಮೊದ್ಲು ಲಾಕ್ ಆಗ್ಬೇಕು. ಲಗೂನಾ ಸೇಕಾ ಟ್ರ್ಯಾಕಲ್ಲಿ ಟರ್ನ್ 1ರ ಗುಡ್ಡ ದಾಟ್ತಿದ್ದಂಗೆ ಕಾರು ಹಗುರಾಗಿರತ್ತೆ, ಇಳಿಜಾರು ಬೇರೆ, ಅಲ್ಲೇ ಟರ್ನ್ 2ಕ್ಕೆ ಬ್ರೇಕ್ ಒತ್ತಬೇಕು. ಹಿಂದಿನ ಬಯಾಸ್ (ಹಿಂದಿನ ಬ್ರೇಕಿನ ಪಾಲು) ಒಂಚೂರು ಜಾಸ್ತಿ ಇದ್ರೂ ಅಲ್ಲಿ ಬಾಲ ಅಲ್ಲಾಡತ್ತೆ, ಪಾರ್ಕಿಂಗ್ ಲಾಟಲ್ಲಿ ಸರಿ ಕಂಡ ಸೆಟ್ಟಿಂಗು ಅಲ್ಲಿ ನಡಿಯಲ್ಲ.

ಇನ್ನೊಂದು ಮುಖ್ಯ ವಿಷಯ, ಇಬಿಡಿ (ಮುಂದೆ ಹಿಂದೆ ಬ್ರೇಕ್ ಎಷ್ಟೆಷ್ಟು ಅಂತ ಎಲೆಕ್ಟ್ರಾನಿಕ್ ಆಗಿ ಹಂಚೋ ವ್ಯವಸ್ಥೆ) ಇರೋ ಕಾರುಗಳಲ್ಲಿ ಈ ಕೆಲಸಾನ ಎಬಿಎಸ್ ಯೂನಿಟ್ಟೇ ಮಾಡತ್ತೆ, ಬೇರೆ ಮೆಕ್ಯಾನಿಕಲ್ ವಾಲ್ವ್ ಸಾಮಾನ್ಯವಾಗಿ ಇರಲ್ಲ. ಯೂನಿಟ್ ಕಿತ್ತು ಪೈಪ್ ನೇರ ಸೇರಿಸಿದ್ರೆ ಹಿಂದಕ್ಕೆ ಪೂರ್ತಿ ಪ್ರೆಶರ್, ದೇವರೇ ಗತಿ. ನನ್ನ ಹಳೇ ಮಿಯಾಟಾದಲ್ಲಿ ಫ್ಯಾಕ್ಟರಿ ವಾಲ್ವ್ ಬೇರೆ ಇತ್ತು, ಅದನ್ನ ತೆಗ್ದೇ ಇದನ್ನ ಹಾಕಿದ್ದು, ಯಾಕಂದ್ರೆ ಎರಡು ವಾಲ್ವ್ ಒಂದರ ಹಿಂದೆ ಒಂದು ಇದ್ರೆ ಕಡಿತದ ಮೇಲೆ ಕಡಿತ, ಹಿಂದಿನ ಬ್ರೇಕ್ ಸುಮ್ನೆ ಶೋಕಿಗೆ. ಮಾಸ್ಟರ್ ಸಿಲಿಂಡರಿಂದ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋದು) ಮುಂದಿನ ಎರಡು ಚಕ್ರಕ್ಕೆ ಒಂದು ಟಿ ಆಕಾರದ ಜಾಯಿಂಟು, ಹಿಂದಕ್ಕೆ ಒಂದೇ ಲೈನು, ಆ ಲೈನಲ್ಲಿ ವಾಲ್ವು. ಮುಂದಿನ ಲೈನಿಗೆ ಮಾತ್ರ ಯಾವತ್ತೂ ಹಾಕ್ಬೇಡಿ.

ಪ್ಲಂಬಿಂಗಲ್ಲಿ ನಿಜವಾದ ತಲೆನೋವು ಥ್ರೆಡ್ಡು. ಜಪಾನ್ ಕಾರಿನ ಬ್ರೇಕ್ ನಟ್ಟು ಎಂ10 (10 ಮಿಲಿಮೀಟರು), ಪಿಚ್, ಅಂದ್ರೆ ಒಂದು ಥ್ರೆಡ್ಡಿಂದ ಇನ್ನೊಂದಕ್ಕೆ ಅಂತರ, 1.0. ವಾಲ್ವಿನ ಸಾಮಾನ್ಯ ಮಾಡೆಲ್ಲಲ್ಲಿ ಪೋರ್ಟು 3/8-24, ಇಂಚಿಂದು, ಇಂಚಿಗೆ 24 ಥ್ರೆಡ್ಡು. 3/8 ಇಂಚು ಅಂದ್ರೆ 9.525 ಮಿಲಿಮೀಟರು, ಪಿಚ್ 1.06ರ ಹತ್ರ. ಅಂದ್ರೆ ಎಂ10 ತೂತಿಗೆ ಇಂಚಿನ ನಟ್ಟು ಹಾಕಿದ್ರೆ ಒಳಗೆ ಹೋಗ್ಬಿಡತ್ತೆ, ಬಿಗಿ ಆದಂಗೂ ಅನ್ಸತ್ತೆ, ಆದ್ರೆ ಹಿಡಿದಿರೋದು ಥ್ರೆಡ್ಡಿನ ತುದಿ ಮಾತ್ರ, ಪ್ಯಾನಿಕ್ ಬ್ರೇಕ್ ಹಾಕಿದ ದಿನ ಕಿತ್ಕೊಂಡು ಬರತ್ತೆ. ಅಡಾಪ್ಟರ್ ತಗೊಳ್ಳಿ, ಇಲ್ಲಾ ಮೆಟ್ರಿಕ್ ಪೋರ್ಟ್ ಇರೋ ಮಾಡೆಲ್ ಹುಡುಕಿ ತಗೊಳ್ಳಿ, ನಾನಾದ್ರೆ ಎರಡನೇದೇ ಹೇಳ್ತೀನಿ, ಜಾಯಿಂಟ್ ಕಮ್ಮಿ ಆದಷ್ಟು ಲೀಕ್ ಕಮ್ಮಿ.

ಫ್ಲೇರ್ (ಜಾಯಿಂಟಿಗೆ ಕೂರೋಕೆ ಅಗಲ ಮಾಡಿದ ಪೈಪಿನ ತುದಿ) ಕೂಡ ಹಂಗೇ. ಜಪಾನಿ, ಅಮೆರಿಕನ್ ಕಾರಿಗೆ 45 ಡಿಗ್ರಿ ಡಬಲ್ ಫ್ಲೇರು, ಯುರೋಪ್ ಕಾರಿಗೆ ಬಬಲ್ ಫ್ಲೇರು, ರೇಸಿಂಗ್ ಎಎನ್ ಫಿಟ್ಟಿಂಗಿಗೆ 37 ಡಿಗ್ರಿ ಸಿಂಗಲ್ಲು, ಒಂದಕ್ಕೊಂದು ಬೆರೆಸೋ ಹಾಗಿಲ್ಲ. ಪೈಪಿಗೆ 3/16 ಇಂಚಿನ ನಿಕಲ್ ಕಾಪರ್ ತಗೊಂಡೆ, ಕೈಯಲ್ಲೇ ಬಗ್ಗತ್ತೆ, ಫ್ಲೇರ್ ನೀಟಾಗಿ ಕೂರತ್ತೆ. ಬರೀ ತಾಮ್ರದ ಪೈಪು ವೈಬ್ರೇಶನ್‌ಗೆ ಬಿರುಕು ಬಿಡತ್ತೆ, ಬೇಡ. ಕಂಪ್ರೆಶನ್ ಫಿಟ್ಟಿಂಗ್ (ಫ್ಲೇರ್ ಇಲ್ದೆ ರಿಂಗ್ ಬಿಗಿದು ಸೇರಿಸೋದು) ಅಂತೂ ಬ್ರೇಕ್ ಲೈನ್ ಹತ್ರಾನೂ ತರ್ಬೇಡಿ. ವಾಲ್ವ್ ಬಾಡಿಗೆ ಬ್ರಾಕೆಟ್ ಹಾಕಿ ಕೂರಿಸಿ, ಪೈಪಿಗೆ ಜೋತು ಬಿಡ್ಬೇಡಿ, ಇನ್ ಔಟ್ ಯಾವುದು ನೋಡ್ಕೊಳ್ಳಿ. ಎಬಿಎಸ್ ಹೋದ್ಮೇಲೆ ಬ್ಲೀಡಿಂಗ್ (ಲೈನಿಂದ ಗಾಳಿ ತೆಗೆಯೋದು) ಆರಾಮು, ಅದೊಂದು ಸುಖ.

ಸೆಟ್ ಮಾಡೋದು ಖಾಲಿ ಜಾಗದಲ್ಲಿ, ಹಿಂದಿನ ಚಕ್ರಕ್ಕೆ ಒಂದು ಕ್ಯಾಮೆರಾ ಇಟ್ಟು. ನಾಬ್ ಪೂರ್ತಿ ಹೊರಗಿಂದ ಶುರು ಮಾಡಿ, ನೆಟ್ಟಗೆ ಹೋಗ್ತಾ ಒತ್ತಿ, ಸ್ವಲ್ಪ ಸ್ವಲ್ಪನೇ ಒಳಗೆ ತಿರುಗ್ಸಿ, ಹಿಂದೆ ಲಾಕ್ ಆಗೋಕೆ ಶುರು ಆದ ಕೂಡ್ಲೇ ವಾಪಸ್ ಬನ್ನಿ, ಟ್ರ್ಯಾಕಿಗೆ ಹೋಗೋ ಮುಂಚೆ ಇನ್ನೊಂಚೂರು ವಾಪಸ್ಸು. ಟೈರ್ ಗ್ರಿಪ್ ಜಾಸ್ತಿ ಇದ್ದಷ್ಟೂ ಭಾರ ಮುಂದಕ್ಕೆ ಜಾಸ್ತಿ ಬರತ್ತೆ, ಅದಕ್ಕೇ ಟ್ರ್ಯಾಕ್ ಟೈರಲ್ಲೇ ಸೆಟ್ ಮಾಡ್ಬೇಕು. ಮಳೇಲಿ ಎಷ್ಟೋ ಸಲ ಪ್ರೆಶರ್ ನೀ ಪಾಯಿಂಟ್ ತನಕ ಏರೋದೇ ಇಲ್ಲ, ವಾಲ್ವ್ ಇದ್ದೂ ಇಲ್ಲದ ಹಾಗೆ, ಆಗ ಕಾಲೇ ಎಬಿಎಸ್ಸು.

ಟಿಲ್ಟನ್ ಕಂಪನಿಯ ಲಿವರ್ ಮಾಡೆಲ್ ವಾಲ್ವ್ ಕೂಡ ಗೆಳೆಯನ ಕಾರಲ್ಲಿ ನೋಡಿದೀನಿ, ಬೆಲೆ ಜಾಸ್ತಿ, ಟಕ್ ಟಕ್ ಅಂತ ಹಲ್ಲಿಗೆ ಕೂರತ್ತೆ, ಎಲ್ಲಿಟ್ಟಿದ್ದೆ ಅನ್ನೋದು ನೆನಪಿಟ್ಕೊಳ್ಳೋಕೆ ಸುಲಭ. ಸೀಟ್ ಪಕ್ಕದಲ್ಲಿ ಇಟ್ಕೊಂಡು ರ‍್ಯಾಲಿ ಮಾಡೋರಿಗೆ ಅದೇ ವಾಸಿ. ನಾಬಲ್ಲಿ ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲಿಸ್ಬೋದು, ಆದ್ರೆ ಗುರುತು ನೀವೇ ಪೇಂಟ್ ಪೆನ್ನಲ್ಲಿ ಹಾಕ್ಕೋಬೇಕು. ಆನ್‌ಲೈನಲ್ಲಿ ಸಿಗೋ ಹೆಸರಿಲ್ಲದ ನಕಲಿ ಮಾತ್ರ ಬೇಡ. ಬಣ್ಣ ಹಚ್ಚಿದ ಕ್ಯಾಲಿಪರ್ರು, ನಕಲಿ ವಾಲ್ವು, ಬೋಳು ಟೈರು, ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗೆ.

ಬೆಂಗಳೂರಿಂದ ಕೇಳೋರಿಗೆ: ನಿಮ್ಮದು ಸ್ವಿಫ್ಟ್, ಸಿಟಿ, ಪೋಲೋ ತರದ ಮುಂದಿನ ಚಕ್ರ ಎಳೆಯೋ ಕಾರಾದ್ರೆ ಈ ವಾಲ್ವ್ ನೇರ ಹಾಕೋಕಾಗಲ್ಲ. ಅವುಗಳಲ್ಲಿ ಬ್ರೇಕ್ ಲೈನು ಅಡ್ಡಡ್ಡ ಇರತ್ತೆ, ಎಡ ಮುಂದಿನದಕ್ಕೆ ಬಲ ಹಿಂದಿನದು ಜೋಡಿ. ಹಿಂದಕ್ಕೆ ಎರಡು ಬೇರೆ ಬೇರೆ ಲೈನ್ ಹೋಗೋದ್ರಿಂದ ಒಂದಕ್ಕೆ ಮಾತ್ರ ವಾಲ್ವ್ ಹಾಕಿದ್ರೆ ಕಾರು ಒಂದು ಕಡೆ ಎಳೆಯತ್ತೆ, ಎರಡಕ್ಕೂ ಎರಡು ಹಾಕಿ ಸಮ ಮಾಡೋದು ಆಗದ ಮಾತು, ಎರಡು ಲೈನನ್ನೂ ಒಂದೇ ವಾಲ್ವಿಗೆ ಸೇರಿಸಿದ್ರೆ ಒಂದು ಕಡೆ ಲೀಕ್ ಆದ್ರೂ ಇನ್ನೊಂದು ಉಳಿಯೋ ಭದ್ರತೆ ಹೋಗತ್ತೆ. ಅದಕ್ಕೇ ಹಳೇ ಸಿವಿಕ್ ಜನ ಹೋಂಡಾದ್ದೇ 4040 ಅನ್ನೋ ಡಬಲ್ ವಾಲ್ವ್ ಹಾಕೋದು. ನಿಮ್ಮ ಕಾರಿಂದೇ ಎಬಿಎಸ್ ಇಲ್ಲದ ವೇರಿಯಂಟ್ ಇದ್ರೆ ಅದರ ಒರಿಜಿನಲ್ ವಾಲ್ವ್ ಹುಡುಕಿ. ಅದೂ ಬರೀ ಟ್ರ್ಯಾಕ್ ಕಾರಿಗೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರಿಗೆಲ್ಲ ಎಬಿಎಸ್ ಕಡ್ಡಾಯ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದನ್ನ ಬದಲಾಯಿಸೋ ಹಾಗೂ ಇಲ್ಲ. ಔಟರ್ ರಿಂಗ್ ರೋಡಲ್ಲಿ ಅಡ್ಡ ಬರೋ ಬೈಕಿಗೆ ನಾಬ್ ತಿರುಗ್ಸೋಕೆ ಟೈಮಿರಲ್ಲ, ಎಬಿಎಸ್ ಇರ್ಲಿ ಬಿಡಿ.

ನನ್ನ ತರ ಹಿಂದಿನ ಚಕ್ರ ತಳ್ಳೋ ಟ್ರ್ಯಾಕ್ ಕಾರಾದ್ರೆ ಐದಕ್ಕೆ ನಾಲ್ಕು ಕೊಡ್ತೀನಿ, ಆ ಒಂದು ಕಟ್ ಆಗಿದ್ದು ಇಂಚಿನ ಥ್ರೆಡ್ಡಿಗೆ. ಬ್ರೇಕ್ ಪ್ಯಾಡಿನ ಕಾಂಪೌಂಡ್ (ಅದನ್ನ ಮಾಡಿರೋ ವಸ್ತು) ಬದಲಾಯಿಸಿದ ಪ್ರತಿ ಸಲ ಸೆಟ್ಟಿಂಗ್ ಮತ್ತೆ ಮೊದಲಿಂದ ಮಾಡ್ಬೇಕು, ಅದನ್ನ ಲೆಕ್ಕಕ್ಕೆ ಇಟ್ಕೊಂಡು ತಗೊಳ್ಳಿ.