ಲಿಸ್ಬನ್ನಿನ 28ನೇ ಟ್ರಾಮ್ ಹತ್ತುವ ಮುನ್ನ

ಈ ರಜೆಗೆ ಮನೆಮಂದಿಯೆಲ್ಲ ಪೋರ್ಚುಗಲ್ಲಿನ ಲಿಸ್ಬನ್ನಿಗೆ ಹೊರಟಿದ್ದರೆ ದಯವಿಟ್ಟು ಇದನ್ನು ಓದಿಕೊಂಡು ಹೊರಡಿ. ನಾವು ನಾಲ್ವರ ಪಾಸ್‌ಪೋರ್ಟನ್ನೂ ಒಂದೇ ಚೀಲದಲ್ಲಿಟ್ಟುಕೊಂಡು, ಒಂದೇ ಗಳಿಗೆಯಲ್ಲಿ ಅಷ್ಟನ್ನೂ ಕಳೆದುಕೊಂಡೆವು.

ಊರು ಚೆಲುವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಸುಣ್ಣಕಲ್ಲು ಹಾಸಿದ ಕಾಲುದಾರಿಗಳ ಮೇಲೆ ಬಿಸಿಲು ಬಿದ್ದರೆ ಕಣ್ಣು ಕೋರೈಸುತ್ತದೆ. (ಆ ಕಲ್ಲು ಸವೆದು ನುಣುಪಾಗಿದೆ, ಹಿರಿಯರಿಗೆ ಹಿಡಿತವಿರುವ ಬೂಟು ಹಾಕಿಸಿ.) ಮೊದಲ ದಿನ ಬೆಲೆಂನ ಜೆರೊನಿಮೊಸ್ ಮಠದಲ್ಲಿ ವಾಸ್ಕೋ ಡ ಗಾಮನ ಸಮಾಧಿಯ ಮುಂದೆ ನಮ್ಮ ಅತ್ತೆಯವರು ಬಹಳ ಹೊತ್ತು ನಿಂತರು. ಅವರದು ಕಾರವಾರ. 1498ರಲ್ಲಿ ಊರಿಗೆ ಮರಳುವ ಮುನ್ನ ಅವನ ಹಡಗುಗಳು ತಂಗಿದ್ದು ಅಲ್ಲಿಗೆ ಹತ್ತಿರದ ಅಂಜುದೀವ ದ್ವೀಪದಲ್ಲಿ.

ಮರುದಿನ ಮಾರ್ತಿಂ ಮೊನಿಜ್ ಚೌಕದಲ್ಲಿ ಒಂದು ಗಂಟೆ ಸರದಿಯಲ್ಲಿ ಕಾದು 28ನೇ ಟ್ರಾಮ್ ಹತ್ತಿದೆವು. ಹಳದಿ ಬಣ್ಣದ, ಮರದ ಕಿಟಕಿಗಳ ಪುಟ್ಟ ಗಾಡಿ. ಕೂರಲು ಜಾಗವಿರುವುದು ಕೆಲವರಿಗಷ್ಟೆ, ಉಳಿದವರೆಲ್ಲ ಒಬ್ಬರಿಗೊಬ್ಬರು ಒತ್ತಿಕೊಂಡು ನಿಲ್ಲಬೇಕು. ಹಳೆಯ ಬಡಾವಣೆಯಾದ ಅಲ್ಫಾಮಾದ ಏರಿನಲ್ಲಿ ಅದು ಗಕ್ಕನೆ ತಿರುಗಿದಾಗಲೆಲ್ಲ ಜನ ಮೈಮೇಲೆ ಬೀಳುತ್ತಿದ್ದರು. ನನ್ನ ಪಕ್ಕದವನು ಅಷ್ಟು ಸೆಕೆಯಲ್ಲೂ ದಪ್ಪ ಕೋಟೊಂದನ್ನು ಮಡಿಸಿ ಮುಂಗೈ ಮೇಲೆ ಹಾಕಿಕೊಂಡಿದ್ದ. ಅದನ್ನು ನೋಡಿದೆ, ಯೋಚಿಸಲಿಲ್ಲ. ಇಳಿದ ಮೇಲೆ ಮಗಳು, "ಅಮ್ಮಾ, ಚೀಲದ ಜಿಪ್ ತೆರೆದಿದೆ" ಎಂದಳು. ಒಳಗೆ ಬಿಸ್ಕತ್ತಿನ ಪೊಟ್ಟಣ, ಅತ್ತೆಯವರ ಮಾತ್ರೆಗಳು ಮಾತ್ರ ಇದ್ದವು. ಕೋಟಿನ ಕೆಳಗೆ ಅವನ ಕೈ ಏನು ಮಾಡುತ್ತಿತ್ತು ಎಂಬುದು ಹೊಳೆದದ್ದು ಆಗ.

ರೆಸ್ತೌರಾದೋರೆಸ್ ಚೌಕದ ಫೋಜ್ ಅರಮನೆಯ ಕಟ್ಟಡದಲ್ಲಿ ಪ್ರವಾಸಿಗರಿಗೆಂದೇ ಪೊಲೀಸ್ ಠಾಣೆಯಿದೆ. ಮೊದಲು ಅಲ್ಲಿಗೇ ಹೋಗಿ ದೂರಿನ ಪ್ರತಿ ಪಡೆಯಿರಿ. ಭಾರತದ ರಾಯಭಾರ ಕಚೇರಿಯಲ್ಲಿ ಅದು ಬೇಕಾಗುತ್ತದೆ. ಅಲ್ಲಿ ಕೊಡುವ ತುರ್ತು ಪ್ರಮಾಣಪತ್ರ ಊರಿಗೆ ಮರಳುವುದಕ್ಕೆ ಮಾತ್ರ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಇದ್ದದ್ದು ಕಳೆದುಹೋದ ಪಾಸ್‌ಪೋರ್ಟಿನಲ್ಲೇ. ಹಾಗಾಗಿ ಮುಂದಿನ ಸ್ಪೇನಿನ ಸೆವಿಲ್ ಪ್ರಯಾಣ, ಮುಂಗಡ ಕೊಟ್ಟಿದ್ದ ಕೋಣೆ, ಟಿಕೆಟ್ಟು ಎಲ್ಲವೂ ನೀರುಪಾಲಾದವು. ಮಗಳ ಮೊಬೈಲಿನಲ್ಲಿ ಪಾಸ್‌ಪೋರ್ಟಿನ ಪುಟಗಳ ಚಿತ್ರಗಳಿದ್ದುದರಿಂದ ಅರ್ಜಿ ತುಂಬುವುದಾದರೂ ಸಲೀಸಾಯಿತು. ಅತ್ತೆಯವರು ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ನನ್ನದನ್ನು ನಾನೇ ಇಟ್ಟುಕೊಳ್ಳುತ್ತೇನೆ ಎಂದಿದ್ದೆನಲ್ಲಮ್ಮಾ" ಎಂದು ಮೆಲ್ಲಗೆ ಹೇಳಿದ್ದು ನನಗೆ ಇನ್ನೂ ಚುಚ್ಚುತ್ತದೆ. ಹೌದು, ಅವರು ಹೇಳಿದ್ದರು. ಕಳೆದುಬಿಟ್ಟಾರು ಎಂದು ನಾನೇ ಈಸಿಕೊಂಡಿದ್ದೆ.

ಪಾಸ್‌ಪೋರ್ಟುಗಳನ್ನು ಹೋಟೆಲಿನ ಲಾಕರಿನಲ್ಲಿಡಿ. ಒಯ್ಯಲೇಬೇಕಾದ ದಿನ ಅವರವರದು ಅವರವರ ಬಟ್ಟೆಯೊಳಗಿನ ಚೀಲದಲ್ಲಿರಲಿ. ಗುಡ್ಡದ ಮೇಲಿನ ಸಾವೊ ಜಾರ್ಜ್ ಕೋಟೆ ನೋಡುವುದಷ್ಟೇ ಇದ್ದರೆ ಫಿಗೇರಾ ಚೌಕದಿಂದ 737ನೇ ಬಸ್ಸಿದೆ. ಮಕ್ಕಳು ಟ್ರಾಮೇ ಬೇಕೆಂದು ಹಟ ಹಿಡಿದರೆ ಬೆಳಗ್ಗೆ ಬೇಗನೆ ಎದ್ದು, ಇನ್ನೊಂದು ತುದಿಯಾದ ಕಾಂಪೊ ದಿ ಔರಿಕ್‌ನಿಂದ ಹತ್ತಿ. ಆ ಹೊತ್ತಿನಲ್ಲಿ ಜನ ಕಡಿಮೆ. ಕುಳಿತುಕೊಂಡು ಚೀಲವನ್ನು ಮಡಿಲಲ್ಲೇ ಇಟ್ಟುಕೊಳ್ಳಬಹುದು.